ಹೊಡಿಬಡಿ ಗೇಮ್, ರಕ್ತ ಸಾವಿನ ಹಾಡು: ಮಕ್ಕಳ ನಿಜವಾದ ನಡವಳಿಕೆಯನ್ನು ಇವು ಎಷ್ಟು ಬದಲಿಸುತ್ತವೆ?

ಹೊಂಗೆನೆರಳು

ಹದಿಹರೆಯದ ಹುಡುಗನೊಬ್ಬ ಯಾರನ್ನಾದರೂ ಇರಿದ, ಗುಂಡು ಹಾರಿಸಿದ ಎಂಬ ಸುದ್ದಿ ಬಂದರೆ ಸಾಕು, ಅವನ ಫೋನಿನಲ್ಲಿ ಯಾವ ಗೇಮ್ ಇತ್ತು, ಯಾವ ಹಾಡು ಕೇಳುತ್ತಿದ್ದ ಎಂದು ಕೆದಕುವುದು ಶುರುವಾಗುತ್ತದೆ. ಆಮೇಲೆ ಅಪ್ಪ ಅಮ್ಮಂದಿರ ಗುಂಪುಗಳಲ್ಲಿ ಎಚ್ಚರಿಕೆಯ ಮೆಸೇಜುಗಳ ಸುರಿಮಳೆ. ನನಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನಿಗೆ ಹದಿಮೂರು, ಗುಂಡು ಹಾರಿಸುವ ಆಟವೆಂದರೆ ಪ್ರಾಣ. ಸೋತರೆ ಕಂಟ್ರೋಲರ್ ಎಸೆಯುತ್ತಾನೆ, ಆಮೇಲೆ ಅವನನ್ನು ಮಾತಾಡಿಸುವ ಹಾಗಿಲ್ಲ. ದೊಡ್ಡವನಿಗೆ ಹದಿನೇಳು, ಕೇಳುವುದೆಲ್ಲ ಕಿರುಚಾಟದ ಮೆಟಲ್. ಸಾಹಿತ್ಯ ಓದಿ ನೋಡಿದೆ: ಸಾವು, ರಕ್ತ, ಕೊಳೆತ ಹೆಣ. ಆದರೆ ಅವನಷ್ಟು ಮೃದು ಸ್ವಭಾವದ ಹುಡುಗ ನಮ್ಮ ಬಳಗದಲ್ಲೇ ಇಲ್ಲ.

ಇವು ಮಕ್ಕಳ ನಡವಳಿಕೆಯನ್ನು ಬದಲಿಸುತ್ತವೆಯೇ? ಬದಲಿಸಿದರೆ ಎಷ್ಟು? "ಈಗಿನ ಮಕ್ಕಳು ಕೆಟ್ಟುಹೋದರು" ಅನ್ನುವ ಉತ್ತರ ಬೇಡ, "ಏನೂ ಆಗಲ್ಲ ಬಿಡಿ" ಅನ್ನುವುದೂ ಬೇಡ. ಓದಿಕೊಂಡವರು, ಆ ಕೆಲಸದಲ್ಲೇ ಇರುವವರು, ಸ್ವತಃ ಆಡುವವರು ಹೇಳಿ.

ಹಳೇಮೇಷ್ಟ್ರು

ಅಮ್ಮಾ, ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಪರಿಣಾಮ ಇದ್ದೇ ಇದೆ ಎನ್ನುವವನು ನಾನು. ಅರೆ ನಿಮಿಷದ ಜಾಹೀರಾತು ಮನುಷ್ಯನ ಮನಸ್ಸು ತಿರುಗಿಸುತ್ತದೆಂದು ನಂಬಿ ಕಂಪನಿಗಳು ಕೋಟಿಗಟ್ಟಲೆ ಸುರಿಯುತ್ತವೆ. ಹಾಗಿರುವಾಗ ದಿನಕ್ಕೆ ಮೂರು ಗಂಟೆ ತಾನೇ ಬಂದೂಕು ಹಿಡಿದು ಗುರಿಯಿಡುವ ಹುಡುಗನಿಗೆ ಏನೂ ತಟ್ಟುವುದಿಲ್ಲ ಅಂದರೆ ಹೇಗೆ ಒಪ್ಪಲಿ?

1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಅವರ ಸಂಗಡಿಗರು ಶಿಶುವಿಹಾರದ 72 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಗುದ್ದಿ, ಸುತ್ತಿಗೆಯಲ್ಲಿ ಬಡಿದು, ಬೈದು ತೋರಿಸಿದರು. ಅದನ್ನು ಕಂಡ ಮಕ್ಕಳು ತಮ್ಮ ಸರದಿ ಬಂದಾಗ ಅದೇ ಏಟು, ಅದೇ ಬೈಗುಳ ತೆಗೆದರು. ಇನ್ನೊಂದು ಸಂಗತಿ. 1990ರ ದಶಕದಲ್ಲಿ ಅಮೆರಿಕದ ಮರೀನ್ ಪಡೆ ಡೂಮ್ ಎಂಬ ಗುಂಡು ಹಾರಿಸುವ ಗೇಮಿನ ಎರಡನೆಯ ಆವೃತ್ತಿಯನ್ನೇ ಮಾರ್ಪಡಿಸಿ ತನ್ನ ಸೈನಿಕರ ತರಬೇತಿಗೆ ಇಟ್ಟುಕೊಂಡಿತು. ಸೈನಿಕನಿಗೆ ಪಾಠವಾದದ್ದು ಮಗುವಿಗೆ ಮಾತ್ರ ಬರೀ ಮನರಂಜನೆಯೇ?

ಒಂದು ಹನಿಗೆ ಕಲ್ಲು ಸವೆಯುವುದಿಲ್ಲ, ನಿಜ. ವರ್ಷಗಟ್ಟಲೆ ಬಿದ್ದರೆ ಸವೆಯುತ್ತದೆ. ಇಂದು ಆಡಿದವನು ನಾಳೆ ಕೊಲೆ ಮಾಡುತ್ತಾನೆ ಎಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರ ನೋವು ಕಂಡಾಗ ಮರುಗುವ ಗುಣ ನಿಧಾನಕ್ಕೆ ಕರಗುತ್ತದೆ ಎನ್ನುತ್ತಿದ್ದೇನೆ.

ಡ್ರಮ್‌ಪೆಟ್ಟು

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಆ ಕೊನೇ ಸಾಲನ್ನು ನಾನು ಒಪ್ಪಲ್ಲ. ಹೊಂಗೆನೆರಳು ಮೇಡಂ ಅವರ ದೊಡ್ಡ ಮಗ ಕೇಳುವ ಸಂಗೀತವನ್ನೇ ನುಡಿಸುವವನು ನಾನು, ಆದ್ದರಿಂದ ಹಾಡಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮರುಗುವ ಗುಣ ಕರಗುತ್ತದೋ ಇಲ್ಲವೋ ಅಂತ ಆಸ್ಟ್ರೇಲಿಯಾದ ಮ್ಯಾಕ್ವೆರಿ ವಿಶ್ವವಿದ್ಯಾಲಯದವರು ನೇರವಾಗಿ ಪರೀಕ್ಷಿಸಿದ್ದಾರೆ. 2019ರಲ್ಲಿ ಪ್ರಕಟವಾಯಿತು. ಡೆತ್ ಮೆಟಲ್, ಅಂದರೆ ಸಾವು ಹಿಂಸೆಯ ಸಾಹಿತ್ಯವಿರುವ ಮೆಟಲ್, ಅದರ ಅಭಿಮಾನಿಗಳು 32 ಜನ, ಅಭಿಮಾನಿಗಳಲ್ಲದವರು 48 ಜನ. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಬೇರೆಯದು. ಒಂದರಲ್ಲಿ ಹಿಂಸೆ, ಇನ್ನೊಂದು ಸಾಮಾನ್ಯ ದೃಶ್ಯ. ಇಂಥ ಸ್ಥಿತಿಯಲ್ಲಿ ನಮ್ಮ ಮೆದುಳು ಅಪಾಯದ ಚಿತ್ರವನ್ನೇ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಹಿಂಸೆಗೆ ಮನಸ್ಸು ಮರಗಟ್ಟಿದ್ದರೆ ಆ ಹಿಡಿತ ಸಡಿಲವಾಗಬೇಕಿತ್ತು. ವರ್ಷಗಳಿಂದ ರಕ್ತ ಸಾವಿನ ಸಾಹಿತ್ಯ ಕೇಳಿಕೊಂಡು ಬಂದ ಅಭಿಮಾನಿಗಳಲ್ಲೂ ಅದು ಸಡಿಲವಾಗಿರಲಿಲ್ಲ. ಬೇರೆಯವರು ಹೇಗೆ ಬೆಚ್ಚುತ್ತಾರೋ ಇವರೂ ಹಾಗೇ.

2015ರಲ್ಲಿ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು ಮಾಡಿದ್ದು ಇನ್ನೊಂದು. ಇಂಥ ಸಂಗೀತ ಕೇಳುವ 39 ಯುವಜನರಿಗೆ ಅವರ ಬದುಕಿನಲ್ಲಿ ಸಿಟ್ಟು ತರಿಸಿದ ಸಂಗತಿಗಳನ್ನು ನೆನಪಿಸಿ ಮೊದಲು ಸಿಟ್ಟೇರಿಸಿದರು. ಅರ್ಧದಷ್ಟು ಜನರಿಗೆ ತಮಗಿಷ್ಟದ ಹಾಡು, ಉಳಿದವರಿಗೆ ಮೌನ. ಹಾಡು ಕೇಳಿದವರ ಸಿಟ್ಟು ಇನ್ನೂ ಏರಬೇಕಿತ್ತು ತಾನೇ? ಏರಲಿಲ್ಲ. ಮೌನವಾಗಿ ಕೂತವರ ಹಾಗೆಯೇ ಇಳಿಯಿತು, ಮೇಲಾಗಿ ಅವರಲ್ಲಿ ಒಂದು ಹುರುಪೂ ಕಾಣಿಸಿತು.

ಹಾಡನ್ನು ಜನ ಅಳೆಯುವ ರೀತಿಯ ಬಗ್ಗೆಯೂ ಒಂದು ಮಾತು. 1990ರ ದಶಕದಲ್ಲಿ ಕ್ಯಾರಿ ಫ್ರೈಡ್ ಎಂಬ ಸಂಶೋಧಕಿ ಪೊಲೀಸನನ್ನು ಗುಂಡಿಕ್ಕಿ ಕೊಲ್ಲುವ ಕಥೆ ಇರುವ ಒಂದು ಹಳೇ ಜನಪದ ಶೈಲಿಯ ಹಾಡಿನ ಸಾಲುಗಳನ್ನು ಕಾಗದದಲ್ಲಿ ಬರೆದು ಕೊಟ್ಟರು. ಕೆಲವರಿಗೆ ಇದು ಜನಪದ ಅಂದರು, ಕೆಲವರಿಗೆ ರ‍್ಯಾಪ್ ಅಂದರು. ಸಾಲು ಅವೇ. ರ‍್ಯಾಪ್ ಅಂದುಕೊಂಡವರೇ ಹೆಚ್ಚಾಗಿ ಇದು ಅಪಾಯಕಾರಿ, ಇದಕ್ಕೆ ನಿರ್ಬಂಧ ಬೇಕು ಅಂದರು. ರ‍್ಯಾಪ್ ಅಂದರೆ ಅಮೆರಿಕದ ಕಪ್ಪು ಜನರ ಹಾಡು ಅನ್ನುವ ಭಾವನೆ ಅಲ್ಲಿದೆ. ಹಾಡುವವನು ಯಾರು ಅನ್ನುವುದರ ಮೇಲೆ ಹಾಡು ಹಿಂಸೆಯಾಗುತ್ತದೆ. ನನಗೆ ಇದು ತುಂಬಾ ನೋವು ಕೊಡುವ ವಿಷಯ.

ಪ್ರಶ್ನೆಚಿಹ್ನೆ

ನಾನು ಮನಶ್ಶಾಸ್ತ್ರ ಕಲಿಸುತ್ತೇನೆ. ಮೇಡಂ ಕೇಳಿದ್ದರಲ್ಲಿ "ಎಷ್ಟು" ಅನ್ನುವುದೇ ಮುಖ್ಯ ಪ್ರಶ್ನೆ. ಇಡೀ ಜಗಳ ನಡೆದಿರುವುದು ಅದರ ಮೇಲೆಯೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, ಅಳೆದದ್ದು ಏನನ್ನು? ಪ್ರಯೋಗಾಲಯದಲ್ಲಿ ಯಾರೂ ಯಾರನ್ನೂ ಹೊಡೆಯುವ ಹಾಗಿಲ್ಲ. ಅದಕ್ಕೆ ಬದಲಿ ದಾರಿ ಹುಡುಕುತ್ತಾರೆ. 2000ನೇ ಇಸವಿಯಲ್ಲಿ ಪ್ರಕಟವಾದ ಕ್ರೇಗ್ ಆಂಡರ್ಸನ್ ಮತ್ತು ಕ್ಯಾರನ್ ಡಿಲ್ ಅವರ ಹೆಸರಾಂತ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಗುಂಡು ಹಾರಿಸುವ ಗೇಮನ್ನೋ ಒಗಟು ಬಿಡಿಸುವ ಗೇಮನ್ನೋ ಆಡಿಸಿದರು. ಆಮೇಲೆ ಗುಂಡಿ ಒತ್ತುವ ಒಂದು ಸ್ಪರ್ಧೆ. ಗೆದ್ದವನು ಎದುರಾಳಿಯ ಕಿವಿಗೆ ಕರ್ಕಶ ಸದ್ದು ಬಿಡಬಹುದು. ಗುಂಡು ಹಾರಿಸುವ ಗೇಮ್ ಆಡಿದವರು, ತಾವು ಸದ್ದು ತಿಂದ ಮರುಸುತ್ತಿನಲ್ಲಿ, ತುಸು ಹೆಚ್ಚು ಹೊತ್ತು ಸದ್ದು ಬಿಟ್ಟರು. ಇದನ್ನು ಆಕ್ರಮಣಶೀಲತೆ ಎಂದು ಬರೆದುಕೊಂಡರು. ಪತ್ರಿಕೆಗಳ ತಲೆಬರಹದಲ್ಲಿ ಅದು "ಹಿಂಸೆ" ಆಯಿತು. ಆ ಸದ್ದಿನ ಪರೀಕ್ಷೆಯನ್ನು ಆಮೇಲೆ ನೂರಾರು ಜನ ಬಳಸಿದರು, ಆದರೆ ಅಂಕ ಕೊಡುವ ರೀತಿ ಒಬ್ಬೊಬ್ಬರದ್ದು ಒಂದೊಂದು. ಕೆಲವರು ಸದ್ದಿನ ಜೋರನ್ನು ಲೆಕ್ಕ ಹಾಕಿದರು, ಕೆಲವರು ಹೊತ್ತನ್ನು, ಕೆಲವರು ಎರಡರ ಗುಣಲಬ್ಧವನ್ನು. ಜರ್ಮನಿಯ ಮಾಲ್ಟೆ ಎಲ್ಸನ್ ಎಣಿಸಿದಾಗ ಇಂಥ ಬೇರೆಬೇರೆ ಲೆಕ್ಕಗಳು 150ಕ್ಕೂ ಹೆಚ್ಚು ಸಿಕ್ಕವು. ಇಷ್ಟು ದಾರಿಗಳಿದ್ದರೆ ಬೇಕಾದ ಉತ್ತರ ಯಾವುದಾದರೂ ಒಂದರಲ್ಲಿ ಸಿಕ್ಕೇ ಸಿಗುತ್ತದೆ. ಇದು ಸಣ್ಣ ದೋಷವಲ್ಲ.

ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದವರೂ ಇದ್ದಾರೆ. 2010ರಲ್ಲಿ ಆಂಡರ್ಸನ್ ತಂಡ 1,30,000ಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿದಾಗ ಗೇಮಿಗೂ ಆಕ್ರಮಣಶೀಲ ವರ್ತನೆಗೂ ಇರುವ ಸಹಸಂಬಂಧ ಸುಮಾರು 0.2 ಬಂತು. 2015ರಲ್ಲಿ ಕ್ರಿಸ್ಟಫರ್ ಫರ್ಗ್ಯೂಸನ್ ಮಕ್ಕಳ ಮೇಲಿನ 101 ಅಧ್ಯಯನಗಳನ್ನು ಸೇರಿಸಿದಾಗ 0.06 ಬಂತು. 2018ರಲ್ಲಿ ಡಾರ್ಟ್‌ಮತ್ ಕಾಲೇಜಿನವರು ಮಕ್ಕಳನ್ನು ತಿಂಗಳು, ವರ್ಷಗಳ ಕಾಲ ಹಿಂಬಾಲಿಸಿದ 24 ಅಧ್ಯಯನಗಳನ್ನು ಮಾತ್ರ ಆಯ್ದುಕೊಂಡರು. ಒಟ್ಟು 17,000ಕ್ಕೂ ಹೆಚ್ಚು ಮಕ್ಕಳು. ಬೇರೆ ಕಾರಣಗಳನ್ನು ಕಳೆದ ಮೇಲೆ ಉಳಿದದ್ದು 0.08. ಸೊನ್ನೆಯೆಂದರೆ ಸಂಬಂಧವೇ ಇಲ್ಲ, ಒಂದೆಂದರೆ ಪೂರ್ತಿ ಸಂಬಂಧ. 0.08 ಎಂದರೆ ಮಕ್ಕಳ ವರ್ತನೆಯಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ನೂರಕ್ಕೆ ಒಂದು ಪಾಲೂ ಅಲ್ಲ. ಮೇಷ್ಟ್ರೇ, ನೀವು ಹೇಳಿದ ಹನಿ ಇದೇ. ಇದೆ, ಅಳತೆಗೂ ಸಿಗುತ್ತದೆ. ಆದರೆ ತುಂಬಾ ಸಣ್ಣದು.

2019ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರೂ ಪ್ರಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ 14, 15 ವರ್ಷದ ಸುಮಾರು 1,000 ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿದರು. ಮಾಹಿತಿ ನೋಡುವ ಮೊದಲೇ ಯಾವ ಲೆಕ್ಕ ಮಾಡುತ್ತೇವೆಂದು ಬರೆದು ದಾಖಲಿಸಿಟ್ಟರು. ಗೇಮ್ ಎಷ್ಟು ಹಿಂಸಾತ್ಮಕ ಎಂಬುದನ್ನು ಮಕ್ಕಳ ಬಾಯಿಮಾತಿನಿಂದ ತಿಳಿಯದೆ ಅಧಿಕೃತ ರೇಟಿಂಗ್‌ನಿಂದ ತೆಗೆದುಕೊಂಡರು. ಮಗು ಎಷ್ಟು ಆಕ್ರಮಣಶೀಲ ಎಂದು ಪೋಷಕರನ್ನು ಕೇಳಿದರು. ಸಂಬಂಧ ಸಿಗಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2015ರಲ್ಲಿ ಗೇಮಿಗೂ ಆಕ್ರಮಣಶೀಲತೆಗೂ ನಂಟಿದೆ ಅಂದಿತು, ಅಪರಾಧದ ಮಟ್ಟದ ಹಿಂಸೆಗೆ ಸಾಕಷ್ಟು ಪುರಾವೆ ಇಲ್ಲ ಎಂದೂ ಸೇರಿಸಿತು. 2020ರಲ್ಲಿ ಆ ಎರಡನೇ ಮಾತನ್ನು ಇನ್ನಷ್ಟು ಬಿಗಿಯಾಗಿ ಹೇಳಿತು: ಗುಂಡಿನ ದಾಳಿಯಂಥ ಹಿಂಸೆಗೆ ಗೇಮೇ ಕಾರಣ ಎನ್ನುವುದು ವೈಜ್ಞಾನಿಕವಾಗಿ ನಿಲ್ಲದು, ಹಾಗೆ ಹೇಳಿದರೆ ನಿಜವಾದ ಕಾರಣಗಳಿಂದ ಗಮನ ಸರಿದುಹೋಗುತ್ತದೆ ಎಂದು.

ಬೆಲ್ಲದಚ್ಚು

ಇಷ್ಟೆಲ್ಲಾ ಅಂಕಿ ಹೇಳಿದ್ರಿ, ಚಲೋ ಆತು. ಆದ್ರ ಒಂದ್ ಮಾತ್ ಕೇಳ್ತೀನ್ರಿ. ನನ್ನ ಮಗ ಗೇಮ್ ಆಡಿ ಎದ್ದ ಅಂದ್ರ ಮಾರಿ ಕೆಂಪಗಾಗಿರತೈತಿ. ತಂಗಿ ಏನರ ಅಂದ್ಲು ಅಂದ್ರ ಕೈ ಎತ್ತತಾನ. ಆಟ ಆಡದ ದಿನ ಹಂಗ ಮಾಡೂದಿಲ್ಲ. ನಿಮ್ಮ 0.08 ನಮ್ಮ ಮನಿಯಾಗ ಯಾಕ ಇಷ್ಟ್ ದೊಡ್ಡದ್ ಕಾಣತೈತಿ? ಸಿಟ್ಟು ಹೊರಗ ಹೋಗ್ಲಿ, ಆಡಿ ತೀರಿಸ್ಕೊಳ್ಳಲಿ ಅಂತ ಹೇಳವ್ರೂ ಅದಾರ. ಅದರ ಖರೆ ಏನ್ರಿ?

ಪ್ರಶ್ನೆಚಿಹ್ನೆ

ಬೆಲ್ಲದಚ್ಚು ಅವರೇ, ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಸಿಟ್ಟನ್ನು ಹೊಡೆದು ತೀರಿಸಿಕೊಂಡರೆ ಕಡಿಮೆಯಾಗುತ್ತದೆ ಎನ್ನುವುದು ನಿಲ್ಲುವ ಮಾತಲ್ಲ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿದರು. ತಮ್ಮನ್ನು ಕೆಣಕಿದವನನ್ನೇ ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತ್ತು. ಸುಮ್ಮನೆ ಕೂತವರೇ ಹೆಚ್ಚು ತಣ್ಣಗಿದ್ದರು. ಹಾಗಾಗಿ ಸಿಟ್ಟು ಬಂದಾಗ "ಹೋಗಿ ಒಂದು ಮ್ಯಾಚ್ ಆಡಿ ಬಾ" ಅನ್ನಬೇಡಿ.

ಆಡಿದ ದಿನ ಕೈ ಎತ್ತುವುದರ ಹಿಂದೆ ಏನಿದೆ ಅನ್ನುವುದಕ್ಕೆ ಗೇಮ್ ಮಾಡುವವರು ಯಾರಾದರೂ ಇದ್ದರೆ ಹೇಳಲಿ.

ಕೋಡ್‌ಗೂಡು

ನಾನು ಇದ್ದೇನೆ. ಆನ್‌ಲೈನ್ ಮಲ್ಟಿಪ್ಲೇಯರ್ ಗೇಮ್‌ಗಳಲ್ಲಿ ಮ್ಯಾಚ್ ಹೊಂದಿಸುವ ಭಾಗದಲ್ಲಿ ಕೆಲಸ ಮಾಡುತ್ತೇನೆ. ಮೊದಲು ಮೇಷ್ಟ್ರಿಗೆ: ಮರೀನ್ ಪಡೆಯವರು ಆ ಗೇಮನ್ನು ಬಂದೂಕು ಹಿಡಿಯುವುದು ಕಲಿಸಲು ತರಲಿಲ್ಲ. ನಾಲ್ಕು ಜನರ ತಂಡ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು, ಹೇಗೆ ಬೇಗ ನಿರ್ಧಾರ ತೆಗೆದುಕೊಳ್ಳಬೇಕು ಅನ್ನುವ ಅಭ್ಯಾಸಕ್ಕೆ ತಂದರು. ಗುರಿಯಿಡುವುದನ್ನು ಅವರು ಕಲಿಯುವುದು ನಿಜವಾದ ಬಂದೂಕಿನಲ್ಲೇ.

ಈಗ ಬೆಲ್ಲದಚ್ಚು ಅವರ ಮಗನ ವಿಷಯ. ಆಟಗಾರರನ್ನು ಕೆರಳಿಸುವುದು ರಕ್ತವಲ್ಲ, ಸೋಲು. ಅದೂ ತನ್ನ ತಪ್ಪಿಲ್ಲದೆ ಬಂತು ಅನ್ನಿಸಿದ ಸೋಲು. ನೆಟ್ ನಿಧಾನವಾಗಿ ಗುಂಡು ತಾಗಲಿಲ್ಲ, ತಂಡದವನು ಮಧ್ಯದಲ್ಲೇ ಬಿಟ್ಟುಹೋದ, ಎದುರಾಳಿ ಚೀಟಿಂಗ್ ಮಾಡಿದ, ಇನ್ನೊಂದು ಪಾಯಿಂಟ್ ಇದ್ದಿದ್ದರೆ ರ‍್ಯಾಂಕ್ ಏರುತ್ತಿತ್ತು. ಇದನ್ನು ಸಂಶೋಧಕರೂ ಹಿಡಿದಿದ್ದಾರೆ. 2014ರಲ್ಲಿ ಪ್ರಿಬಿಲ್ಸ್ಕಿ, ರಿಚರ್ಡ್ ರಯಾನ್ ಮುಂತಾದವರು ಹಿಂಸೆಯ ಪ್ರಮಾಣವನ್ನೂ ಆಟ ಕೈಗೆ ಸಿಗದಿರುವ ಕಷ್ಟವನ್ನೂ ಬೇರೆಬೇರೆಯಾಗಿ ಬದಲಿಸಿ ನೋಡಿದರು. ಟೆಟ್ರಿಸ್ ಗೊತ್ತಲ್ಲ, ಬರೀ ಇಟ್ಟಿಗೆ ಜೋಡಿಸುವ ಆಟ, ಒಂದು ತೊಟ್ಟು ರಕ್ತವಿಲ್ಲ. ಅದನ್ನೇ ಬೇಕಾದ ಇಟ್ಟಿಗೆ ಸಿಗದಂತೆ ತಿದ್ದಿ ಆಡಿಸಿದಾಗ ಜನ ಕೆರಳಿದರು. ಸಿಟ್ಟನ್ನು ನಿರ್ಧರಿಸಿದ್ದು ಹಿಂಸೆಯಲ್ಲ, ಕೈ ಕಟ್ಟಿಹೋದ ಭಾವ. ಕೆನಡಾದ ಅಡಾಚಿ ಮತ್ತು ವಿಲ್ಲೊಬಿ 2011ರಲ್ಲಿ ಇದಕ್ಕೆ ಹತ್ತಿರದ್ದನ್ನೇ ಕಂಡರು. ಸ್ಪರ್ಧೆಯ ಬಿಸಿ ಸಮನಾಗಿದ್ದರೆ ಹಿಂಸೆಯ ಗೇಮ್, ಹಿಂಸೆಯಿಲ್ಲದ ಗೇಮ್ ಎರಡರಲ್ಲೂ ಆಕ್ರಮಣಶೀಲತೆ ಒಂದೇ. ಸ್ಪರ್ಧೆ ಹೆಚ್ಚಾದ ಹಾಗೆ ಅದೂ ಹೆಚ್ಚು, ಕಾರ್ ರೇಸಿನಲ್ಲೂ ಅಷ್ಟೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಕಾಣುವುದು ಸುಳ್ಳಲ್ಲ ಸರ್. ನಿಮ್ಮ ಮಗನ ಸಿಟ್ಟು ನಿಜ, ತಂಗಿಯ ಮೇಲೆ ಎತ್ತಿದ ಕೈಯೂ ನಿಜ. ಅದರ ಮೂಲವನ್ನು ಪರದೆಯ ರಕ್ತದಲ್ಲಿ ಹುಡುಕಿದರೆ ರಕ್ತವಿಲ್ಲದ ಫುಟ್‌ಬಾಲ್ ಗೇಮ್ ಕೊಡಿಸುತ್ತೀರಿ. ಅದರಲ್ಲೂ ಸೋತು ಅಷ್ಟೇ ಸಿಟ್ಟಾಗುತ್ತಾನೆ.

ಸಣ್ಣಅಲೆ

ನಾನು ಕಾಲೇಜು ಹುಡುಗಿ. ಚಿಕ್ಕ ವಯಸ್ಸಿಂದ ಶೂಟಿಂಗ್ ಗೇಮ್ ಆಡ್ತೀನಿ, ಈಗಲೂ ಆಡ್ತೀನಿ, ಇಷ್ಟಪಟ್ಟು ಆಡ್ತೀನಿ. ನೀವೆಲ್ಲ ಪರದೆ ಮೇಲಿನ ಹಿಂಸೆ ಬಗ್ಗೇನೇ ಮಾತಾಡ್ತಿದ್ದೀರಿ. ಗೇಮಲ್ಲಿ ನಿಜವಾದ ಹಿಂಸೆ ಇರೋದು ಹೆಡ್‌ಸೆಟ್‌ನಲ್ಲಿ.

ವಾಯ್ಸ್ ಚಾಟ್ ಆನ್ ಮಾಡಿ ನಾನು ಬಾಯಿ ಬಿಟ್ಟ ತಕ್ಷಣ ಹುಡುಗಿ ಅಂತ ಗೊತ್ತಾಗುತ್ತೆ. ಆಮೇಲೆ ಬರೋ ಮಾತುಗಳನ್ನ ಇಲ್ಲಿ ಬರೆಯೋಕಾಗಲ್ಲ. ಅತ್ಯಾಚಾರ ಮಾಡ್ತೀನಿ ಅನ್ನೋ ಬೆದರಿಕೆ ಮಾಮೂಲಿ. ಹೇಳೋರ ದನಿ ಕೇಳಿದ್ರೆ ಎಷ್ಟೋ ಸಲ ಗಂಟಲೂ ಒಡೆಯದ ಹುಡುಗರು. ಆ ಹುಡುಗ ಇದನ್ನ ಕಲಿತದ್ದು ಗೇಮಿನ ಕಥೆಯಿಂದ ಅಲ್ಲ. ಅದೇ ಚಾಟಲ್ಲಿ ತನಗಿಂತ ದೊಡ್ಡವರು ಹಾಗೆ ಮಾತಾಡಿ ಬೈಸಿಕೊಳ್ಳದೆ ದಕ್ಕಿಸಿಕೊಂಡಿದ್ದನ್ನ ನೋಡಿ. ಮೇಷ್ಟ್ರು ಹೇಳಿದ ಬೊಂಬೆ ಪ್ರಯೋಗ ನಂಗೆ ಇಲ್ಲೇ ಸರಿಯಾಗಿ ಹೊಂದುತ್ತೆ ಅನ್ಸುತ್ತೆ. ಅಲ್ಲಿ ಮಕ್ಕಳು ನೋಡಿದ್ದು ಚಿತ್ರ ಅಲ್ಲ, ಅದೇ ಕೋಣೇಲಿದ್ದ ಒಬ್ಬ ನಿಜವಾದ ದೊಡ್ಡವರನ್ನ.

ಪ್ಲೀಸ್, ಮಕ್ಕಳು ಯಾವ ಗೇಮ್ ಆಡ್ತಾರೆ ಅಂತ ಕೇಳೋದರ ಜೊತೆ ಯಾರ ಜೊತೆ ಆಡ್ತಾರೆ, ಆ ಕಡೆ ಇರೋರು ಏನು ಮಾತಾಡ್ತಾರೆ ಅಂತ ಕೇಳಿ. ನಿಮ್ಮ ಮಕ್ಕಳು ಏನು ಮಾತಾಡ್ತಾರೆ ಅಂತಲೂ.

ಕರಿಕೋಟು

ಸಣ್ಣಅಲೆಯವರ ಮಾತನ್ನು ಕಾನೂನಿನ ಕಡೆಯಿಂದ ಮುಂದುವರಿಸುತ್ತೇನೆ. ಕೋರ್ಟುಗಳು ಈ ಪ್ರಶ್ನೆಯನ್ನು ಹಲವು ಸಲ ಬಿಡಿಸಿವೆ.

ಕ್ಯಾಲಿಫೋರ್ನಿಯಾ 2005ರಲ್ಲಿ 18ರ ಒಳಗಿನವರಿಗೆ ಹಿಂಸಾತ್ಮಕ ಗೇಮ್ ಮಾರುವುದನ್ನು ನಿಷೇಧಿಸಿ 1,000 ಡಾಲರ್‌ವರೆಗೆ ದಂಡ ಇಟ್ಟಿತು. 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಆ ಕಾನೂನನ್ನು ರದ್ದು ಮಾಡಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ರಾಜ್ಯ ಮುಂದಿಟ್ಟ ಅಧ್ಯಯನಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ, ಅವುಗಳಲ್ಲಿ ಕಂಡ ಪರಿಣಾಮ ಕಾರ್ಟೂನ್ ನೋಡಿದಾಗಿನದಕ್ಕಿಂತ ಬೇರೆಯಲ್ಲ ಎಂದರು. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಅವೇ ಅಧ್ಯಯನಗಳನ್ನು ಓದಿ ಕಾನೂನಿಗೆ ಸಾಕು ಎಂದರು.

ಹಾಡಿನದ್ದು ಇನ್ನೂ ಹಳೆಯದು. ಇಬ್ಬರು ಯುವಕರು 1985ರಲ್ಲಿ ತಮಗೆ ತಾವೇ ಗುಂಡು ಹಾರಿಸಿಕೊಂಡ ಪ್ರಕರಣದಲ್ಲಿ ಜೂಡಸ್ ಪ್ರೀಸ್ಟ್ ಎಂಬ ಮೆಟಲ್ ತಂಡದ ಹಾಡಿನೊಳಗೆ ಗುಪ್ತ ಪ್ರಚೋದನೆ ಇತ್ತೆಂದು ಕುಟುಂಬದವರು ದಾವೆ ಹೂಡಿದರು. 1990ರಲ್ಲಿ ನೆವಾಡಾದ ನ್ಯಾಯಾಧೀಶರು ತಂಡದ ಪರ ತೀರ್ಪು ಕೊಟ್ಟರು.

ಆದರೆ ಈ ಚರ್ಚೆಯಲ್ಲಿ ಯಾರೂ ತಾರದ ಒಂದು ಪ್ರಕರಣ ಇದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. 1994ರಲ್ಲಿ ಆಫ್ರಿಕಾದ ರುವಾಂಡದಲ್ಲಿ ಟುಟ್ಸಿ ಜನಾಂಗದವರ ಮೇಲೆ ನಡೆದ ನರಮೇಧ. ಸಿಮೋನ್ ಬಿಕಿಂಡಿ ಅಲ್ಲಿನ ಜನಪ್ರಿಯ ಗಾಯಕ. ದ್ವೇಷ ಹರಡುತ್ತಿದ್ದ ರೇಡಿಯೋ ಕೇಂದ್ರ ಅವನ ಹಾಡುಗಳನ್ನು ಮತ್ತೆಮತ್ತೆ ಹಾಕುತ್ತಿತ್ತು. ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರ ಡಿಸೆಂಬರ್‌ನಲ್ಲಿ ಅವನಿಗೆ 15 ವರ್ಷ ಜೈಲು ವಿಧಿಸಿತು. ಯಾವುದಕ್ಕೆ? ಹಾಡಿಗಲ್ಲ. ಆ ಹಾಡುಗಳು ಜನಾಂಗ ದ್ವೇಷ ಕೆರಳಿಸಿದವೆಂದು ನ್ಯಾಯಮಂಡಳಿ ಹೇಳಿತು, ಆದರೆ ಶಿಕ್ಷೆ ಆದದ್ದು 1994ರ ಜೂನ್‌ನಲ್ಲಿ ಅವನು ವಾಹನದ ಧ್ವನಿವರ್ಧಕದಿಂದ ಟುಟ್ಸಿಗಳನ್ನು ಮುಗಿಸಿ ಎಂದು ಕೂಗಿದ್ದಕ್ಕೆ.

ಹಳೇಮೇಷ್ಟ್ರು

ಕರಿಕೋಟು ಅವರೇ, ನೀವೇ ಹೇಳಿದಿರಿ, ಹಾಡು ದ್ವೇಷ ಕೆರಳಿಸಿತು ಎಂದು. ಹಾಗಾದರೆ ಹಾಡಿಗೆ ಶಕ್ತಿ ಇದೆ ಎಂದಾಯಿತಲ್ಲ. ನಾನು ಮೊದಲಿನಿಂದ ಹೇಳುತ್ತಿರುವುದು ಅದನ್ನೇ.

ಕರಿಕೋಟು

ಶಕ್ತಿ ಇದೆ ಮೇಷ್ಟ್ರೇ, ಇಲ್ಲ ಅನ್ನುವುದಿಲ್ಲ. ಆದರೆ ಅಲ್ಲಿ ಹಾಡಿನ ಜೊತೆ ಏನೇನು ಇತ್ತು ನೋಡಿ. ನಿಮ್ಮ ನೆರೆಯವನೇ ನಿಮ್ಮ ಶತ್ರು ಎಂದು ದಿನವೂ ಹೇಳುವ ರೇಡಿಯೋ ಇತ್ತು. ಕೈಗೆ ಮಚ್ಚು ಕೊಡುವ ಸೇನಾಗುಂಪು ಇತ್ತು. ಕೊಂದರೆ ಶಿಕ್ಷೆ ಇಲ್ಲ ಎಂಬ ಸರ್ಕಾರದ ಭರವಸೆ ಇತ್ತು. ಹಾಡಿನಲ್ಲಿದ್ದ ಶತ್ರುವಿಗೆ ನಿಜವಾದ ಹೆಸರೂ ಮನೆಯೂ ಇದ್ದವು. ಕೊಳೆತ ಹೆಣದ ಬಗ್ಗೆ ಕಿರುಚುವ ಮೆಟಲ್ ಹಾಡಿನಲ್ಲಿ ಇವು ಒಂದೂ ಇಲ್ಲ. ನಿರ್ದಿಷ್ಟ ಜನರನ್ನು ಬೆರಳು ಮಾಡಿ ತೋರಿಸಿ, ಮಾಡು ಎಂದು ಹೇಳಿ, ಮಾಡಿದರೆ ಶಹಬ್ಬಾಸ್ ಎನ್ನುವ ಗುಂಪು ಹಾಡಿನ ಹಿಂದೆ ಇದೆಯೇ? ಹದಿಹರೆಯದವರು ಕೇಳುವುದರಲ್ಲಿ ನಾನು ಹುಡುಕುವುದು ಇದನ್ನು. ಅದು ಎಷ್ಟೋ ಸಲ ಸದ್ದುಗದ್ದಲವಿಲ್ಲದ ಇಂಪಾದ ರಾಗದಲ್ಲೂ ಬರುತ್ತದೆ.

ಡ್ರಮ್‌ಪೆಟ್ಟು

ಈ ಕೊನೇ ಸಾಲನ್ನು ಎಲ್ಲರೂ ಎರಡು ಸಲ ಓದಿ.

ಹೊಂಗೆನೆರಳು

ನಿಮಗೆಲ್ಲ ತುಂಬಾ ಧನ್ಯವಾದ. ಅಮೆರಿಕದ ಕೊಲಂಬೈನ್ ಶಾಲೆಯ ಗುಂಡಿನ ದಾಳಿಯಂಥ ಘಟನೆಗಳಲ್ಲಿ ದಾಳಿ ಮಾಡಿದ ಹುಡುಗರು ಇಂಥ ಗೇಮ್ ಆಡುತ್ತಿದ್ದರು ಎನ್ನುವುದು ನಿಜ ತಾನೇ? ಅದನ್ನು ಹೇಗೆ ನೋಡಬೇಕು? ಒಬ್ಬ ತಾಯಿಗೆ ಯಾವುದು ಎಚ್ಚರಿಕೆಯ ಗಂಟೆ, ಯಾವುದು ಅಲ್ಲ?

ಪ್ರಶ್ನೆಚಿಹ್ನೆ

ನಿಜ. 1999ರ ಕೊಲಂಬೈನ್ ದಾಳಿಕೋರರಿಬ್ಬರೂ ಡೂಮ್ ಆಡುತ್ತಿದ್ದರು. ಲಕ್ಷಾಂತರ ಹುಡುಗರು ಆಗ ಅದನ್ನು ಆಡುತ್ತಿದ್ದರು. ಮ್ಯಾರಿಲಿನ್ ಮ್ಯಾನ್ಸನ್ ಎಂಬ ಗಾಯಕನ ಮೇಲೂ ದೂಷಣೆ ಬಂತು, ಅವನು ಉಳಿದ ಕಾರ್ಯಕ್ರಮಗಳನ್ನು ರದ್ದು ಮಾಡಬೇಕಾಯಿತು. ಆ ಇಬ್ಬರು ಅವನ ಅಭಿಮಾನಿಗಳೇ ಆಗಿರಲಿಲ್ಲ. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡು ಹಾರಿಸಿದವನ ಬಗ್ಗೆ ತನಿಖಾ ವರದಿ ಬಂದಾಗ, ಅವನು ಗುಂಡಿನ ಗೇಮ್‌ಗಳ ಜೊತೆಗೆ ಗಂಟೆಗಟ್ಟಲೆ ಆಡುತ್ತಿದ್ದದ್ದು ಹಾಡಿಗೆ ಹೆಜ್ಜೆ ಹಾಕುವ ಒಂದು ಡ್ಯಾನ್ಸ್ ಗೇಮ್ ಎಂದು ಗೊತ್ತಾಯಿತು. ಡ್ಯಾನ್ಸ್ ಗೇಮ್ ನಿಷೇಧಿಸಿ ಎಂದು ಯಾರೂ ಕೇಳಲಿಲ್ಲ.

ಎಚ್ಚರಿಕೆಯ ಗಂಟೆಯ ಬಗ್ಗೆ ನನ್ನ ಕೈಲಿರುವ ಗಟ್ಟಿ ದಾಖಲೆ ಒಂದು. ಅಮೆರಿಕದ ಅಧ್ಯಕ್ಷರ ರಕ್ಷಣೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ 1974ರಿಂದ 2000ದವರೆಗೆ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು, 41 ದಾಳಿಕೋರರನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟವು. ಹಿಂಸಾತ್ಮಕ ವಿಡಿಯೋ ಗೇಮ್‌ಗಳಲ್ಲಿ ಆಸಕ್ತಿ ತೋರಿದವರು ಶೇ. 12. ತಾವೇ ಬರೆದ ಕವಿತೆ, ಪ್ರಬಂಧ, ದಿನಚರಿಗಳಲ್ಲಿ ಹಿಂಸೆ ತುಂಬಿಕೊಂಡಿದ್ದವರು ಶೇ. 37. ಗೇಮಿನ ಮೂರು ಪಟ್ಟು! ಕಿರುಕುಳಕ್ಕೆ ಒಳಗಾಗಿದ್ದೇವೆ, ಬೆದರಿಕೆಗೆ ಸಿಕ್ಕಿದ್ದೇವೆ ಎಂಬ ಭಾವ ಇದ್ದವರು ಶೇ. 71. ದಾಳಿಗೆ ಬಳಸಿದ ಬಂದೂಕನ್ನು ತಮ್ಮದೇ ಮನೆಯಿಂದ ಅಥವಾ ನೆಂಟರ ಮನೆಯಿಂದ ತಂದವರು ಶೇ. 68. ಎಲ್ಲಕ್ಕಿಂತ ದೊಡ್ಡದು ಇದು: ಶೇ. 81 ಪ್ರಕರಣಗಳಲ್ಲಿ ದಾಳಿಕೋರನ ಯೋಚನೆ ಕನಿಷ್ಠ ಇನ್ನೊಬ್ಬರಿಗಾದರೂ ಮೊದಲೇ ಗೊತ್ತಿತ್ತು. ಆ ಇನ್ನೊಬ್ಬರು ಹೆಚ್ಚಾಗಿ ಓರಗೆಯ ಗೆಳೆಯ, ಸಹಪಾಠಿ ಅಥವಾ ಒಡಹುಟ್ಟಿದವರು.

ನನಗೆ ಸಂಕಟವಾಗುವುದು ಇಲ್ಲೇ. ಗೇಮ್ ಪಟ್ಟಿ ತಪಾಸಣೆ ಮಾಡುವುದರಲ್ಲಿ ದೊಡ್ಡವರು ಮುಳುಗಿದರೆ ಆ ಶೇ. 81 ಕೈತಪ್ಪಿಹೋಗುತ್ತದೆ. ಗೆಳೆಯನ ಬಾಯಲ್ಲಿ ಭಯಾನಕ ಮಾತು ಕೇಳಿದ ಹುಡುಗ ಅದನ್ನು ಹೇಳಿಕೊಳ್ಳಲು ಒಬ್ಬ ದೊಡ್ಡವರು ಬೇಕು. ಹೇಳಿದರೆ ತನ್ನ ಫೋನೂ ಕಿತ್ತುಕೊಳ್ಳುತ್ತಾರೆ ಎಂಬ ಭಯವಿದ್ದರೆ ಅವನು ಹೇಳುವುದಿಲ್ಲ.

ನಿಮ್ಮ ದೊಡ್ಡ ಮಗನ ವಿಷಯಕ್ಕೆ ಇನ್ನೊಂದು. ನೊಂದ ಮಕ್ಕಳು ಕತ್ತಲ ಹಾಡು ಹುಡುಕಿಕೊಂಡು ಹೋಗುತ್ತಾರೆ, ಅದು ನಿಜ. ಹಾಡೇ ನೋವು ತಂದಿತು ಎಂದು ಅದರರ್ಥವಲ್ಲ. ಮೆಲ್ಬರ್ನ್‌ನ ಸಂಗೀತ ಚಿಕಿತ್ಸಕಿ ಕತ್ರಿನಾ ಮ್ಯಾಕ್‌ಫೆರನ್ ಮತ್ತು ಸಂಗಡಿಗರು 2015ರಲ್ಲಿ 13 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಅದರಲ್ಲಿ ಹಾಡಿನ ಪ್ರಕಾರವನ್ನು ಕೇಳುವುದೇ ಇಲ್ಲ. ಕೇಳಿದ ಮೇಲೆ ಹಗುರವಾಗುತ್ತದೆಯೋ ಇನ್ನೂ ಭಾರವಾಗುತ್ತದೆಯೋ, ಜನರಿಂದ ತಪ್ಪಿಸಿಕೊಳ್ಳಲು ಕೇಳುತ್ತೀಯೋ, ಇಂಥವು. "ಇದೇನು ಅಸಹ್ಯ ಸಾಹಿತ್ಯ" ಅನ್ನುವ ಬದಲು ಅದನ್ನು ಕೇಳಿ ನೋಡಿ.

ಹಳೇಮೇಷ್ಟ್ರು

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ವಂದನೆ. ಆದರೂ ಒಂದು ವಿಷಯದಲ್ಲಿ ನಾನು ನಿಂತಲ್ಲೇ ನಿಲ್ಲುತ್ತೇನೆ. ನೀವು ಹೇಳಿದ ಅಧ್ಯಯನಗಳಲ್ಲಿ ಹಲವು 14 ದಾಟಿದವರ ಮೇಲೆ, ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು. ಅಣ್ಣನ ಪಕ್ಕ ಕೂತು ಅದೇ ಪರದೆ ನೋಡುವ ಏಳು ವರ್ಷದ ಮಗುವಿನ ಕಥೆ ಬೇರೆ. ಅದು ರಾತ್ರಿ ಬೆಚ್ಚಿ ಏಳುತ್ತದೆ. ಯಾವುದು ನಿಜ, ಯಾವುದು ಆಟ ಎಂದು ಬೇರ್ಪಡಿಸುವ ಶಕ್ತಿ ಅದಕ್ಕೆ ಪೂರ್ತಿ ಬಂದಿರುವುದಿಲ್ಲ. ಅಮೆರಿಕದಲ್ಲಿ 1994ರಿಂದ, ಯೂರೋಪಿನಲ್ಲಿ 2003ರಿಂದ ಗೇಮ್ ಡಬ್ಬಿಯ ಮೇಲೆ ವಯಸ್ಸಿನ ರೇಟಿಂಗ್ ಇದೆ. 18 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಎಂಟರ ಮಗುವಿಗೆ ಕೊಡಿಸುವ ಪೋಷಕರನ್ನು ನಾನು ಕಂಡಿದ್ದೇನೆ. ಕೊಲೆಗಾರ ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಯಾವುದೂ ಮಗುವಿಗೆ ಒಳ್ಳೆಯದಾಗಿಬಿಡುವುದಿಲ್ಲ.

ಪ್ರಶ್ನೆಚಿಹ್ನೆ

ಮೇಷ್ಟ್ರೇ, ಈ ಮಾತಿಗೆ ನನ್ನ ಪೂರ್ತಿ ಸಹಮತ. ಹೆದರಿಕೆ, ನಿದ್ದೆಗೇಡು ಇವೂ ಹಾನಿಯೇ. ಅದನ್ನು ತಡೆಯಲು ಕೊಲೆಯ ಕಥೆ ಬೇಕಾಗಿಲ್ಲ.

ಬೆಲ್ಲದಚ್ಚು

ನಿನ್ನಿ ಸಂಜೀಕ ಮಗನ ಬಾಜೂಕ ಕುಂತು ನೋಡಿದ್ನಿರಿ. ಕೋಡ್‌ಗೂಡು ಅವ್ರು ಅಂದಂಗ, ಮಂದಿ ಸತ್ತಾಗ ಅವಗ ಏನೂ ಆಗೂದಿಲ್ಲ. ತನ್ನ ಟೀಮಿನಾವ ಬಿಟ್ಟು ಓಡಿದಾಗ ಹಲ್ಲು ಕಡದಾನ. ಅದ ಹೊತ್ತಿಗೆ ಇವರವ್ವ ಊಟಕ್ಕ ಕರದ್ಲು. ಅಲ್ಲಿಂದ ಸುರು ಆತು ಜಗಳ. ಈಗ ಏನ್ ಮಾಡಬೇಕು ಹೇಳ್ರಿ.

ಕೋಡ್‌ಗೂಡು

ಸರ್, ನೀವು ಪಕ್ಕದಲ್ಲಿ ಕೂತದ್ದೇ ದೊಡ್ಡ ಕೆಲಸ. ಆನ್‌ಲೈನ್ ಮ್ಯಾಚನ್ನು ನಡುವೆ ನಿಲ್ಲಿಸಿಡಲು ಆಗುವುದಿಲ್ಲ. ಮಧ್ಯದಲ್ಲಿ ಬಿಟ್ಟರೆ ತಂಡ ಸೋಲುತ್ತದೆ, ಅವನಿಗೆ ದಂಡವೂ ಬೀಳುತ್ತದೆ, ಆಮೇಲೆ ಸ್ವಲ್ಪ ಹೊತ್ತು ಆಡಲು ಬಿಡುವುದಿಲ್ಲ. ಹಾಗಾಗಿ "ಈಗಲೇ ಏಳು" ಅನ್ನುವ ಬದಲು "ಈ ಮ್ಯಾಚ್ ಎಷ್ಟೊತ್ತಿಗೆ ಮುಗಿಯುತ್ತೆ?" ಅಂತ ಕೇಳಿ. ಮುಗಿದ ಮೇಲೆ ಇನ್ನೊಂದು ಶುರು ಮಾಡಬಾರದು ಅನ್ನುವುದನ್ನು ಕಟ್ಟುನಿಟ್ಟಾಗಿ ಹಿಡಿಯಿರಿ. ರ‍್ಯಾಂಕ್ ಮ್ಯಾಚಿನಲ್ಲಿ ಸತತ ಎರಡು ಸೋಲು ಬಂದರೆ ಆ ದಿನಕ್ಕೆ ರ‍್ಯಾಂಕ್ ಮ್ಯಾಚ್ ಸಾಕು ಅಂತ ಅವನ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಳೆದ ರ‍್ಯಾಂಕ್ ವಾಪಸ್ ಪಡೆಯಲು ಕೂತಾಗಲೇ ಸಿಟ್ಟು ಮೈಮೇಲೆ ಬರುವುದು. ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಸ್ಪರ್ಧೆಯ ಆಟ ಬೇಡ. ಸೆಟ್ಟಿಂಗ್ಸ್‌ನಲ್ಲಿ ವಾಯ್ಸ್ ಚಾಟ್ "ಗೆಳೆಯರಿಗೆ ಮಾತ್ರ" ಅಂತ ಇರುತ್ತದೆ, ಅದನ್ನು ಇವತ್ತೇ ಆನ್ ಮಾಡಿ, ಹೊಂಗೆನೆರಳು ಮೇಡಂ ನೀವೂ.

ತಂಗಿಯ ಮೇಲೆ ಕೈ ಎತ್ತಿದ್ದಕ್ಕೆ ಮಾತ್ರ ಗೇಮನ್ನು ನೆಪ ಮಾಡಲು ಅವನಿಗೂ ಬಿಡಬೇಡಿ. ಸೋತು ಬಂದಿರಲಿ, ಗೆದ್ದು ಬಂದಿರಲಿ, ಆ ಕೈಗೆ ಅವನೇ ಉತ್ತರ ಕೊಡಬೇಕು, ಅವಳ ಎದುರಿಗೇ.